ಎರಡು ಚಮಚ ಕಾಳು, ಆರು ಹುಳು

ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ಎಲೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಎಂದರೂ ಇನ್ನೊಂದು ಸೌಟು ಬಿದ್ದೇ ಬೀಳುತ್ತದೆ. ಬಡಿಸುವವರ ಪ್ರೀತಿ ಅದು. ಅಡ್ಡ ಹಿಡಿಯಲು ಕೈ ಬಾರದ, ‘ಸಾಕು’ ಎನ್ನಲು ಮಾತು ಬಾರದ ಜೀವವೊಂದಕ್ಕೆ ದಿನವೂ ಬಡಿಸುವ ಕೆಲಸ ನನಗೆ ಒದಗಿದ್ದು ಅಮೆರಿಕದ ಡಲ್ಲಾಸಿನಲ್ಲಿರುವ ಮಗಳ ಮನೆಯಲ್ಲಿ. ಹತ್ತು ವರ್ಷದ ಮೊಮ್ಮಗ ಒಂದು ಮುಳ್ಳಿಲಿ ಸಾಕಿದ್ದಾನೆ. ಹೆಸರು ಗುಂಡ. ಸೆಪ್ಟೆಂಬರಿನಲ್ಲಿ ನಾನು ಹೋದಾಗ ಅವನ ತೂಕ 410 ಗ್ರಾಂ. ನವೆಂಬರ್ ನಡುವಿನ ಹೊತ್ತಿಗೆ 540.

ಆ ಎರಡು ತಿಂಗಳ ಊಟಗಳಲ್ಲಿ ಬಹುಪಾಲು ನನ್ನ ಕೈಯದೇ. ಮಗಳು, ಅಳಿಯ ಕೆಲಸಕ್ಕೆ ಹೋಗುತ್ತಿದ್ದರು, ಹುಡುಗ ಶಾಲೆಗೆ. ಬಟ್ಟಲು ಬರಿದಾಗಿ ಕಂಡರೆ ನನಗೆ ಸಂಕಟ. ತುಂಬಿಸುತ್ತಿದ್ದೆ. ತುಪ್ಪ ಸವರಿದ ಚಪಾತಿಯ ಚೂರು ಬೆರಳಲ್ಲಿ ಹಿಡಿದರೆ ಅವನು ಮೂತಿ ಎತ್ತಿ ಮೂಸಿ, ಚಪ್ಪರಿಸಿ ತಿನ್ನುವುದನ್ನು ನೋಡುವುದೇ ಒಂದು ಸುಖ. ಅವನ ಗೂಡಿನೊಳಗಿನ ಓಡುವ ಚಕ್ರ ರಾತ್ರಿಯಿಡೀ ಕಿರ್ರೆನ್ನುತ್ತದೆ, ನಿದ್ದೆ ಬರುವುದಿಲ್ಲ ಎಂದು ಹೇಳಿ ಅದನ್ನೂ ತೆಗೆಸಿಟ್ಟಿದ್ದೆ. ಒಂದು ಸಂಜೆ ಹುಡುಗ ಅವನನ್ನು ಮುಟ್ಟಿದ. ಗುಂಡ ಎಂದಿನಂತೆ ಬೆಚ್ಚಿ ಮುದುಡಿಕೊಳ್ಳಲು ನೋಡಿದ. ಆಗಲಿಲ್ಲ. ಕಾಲು ಹೊರಗೇ ಉಳಿಯಿತು, ಮುಖ ಪೂರ್ತಿ ಒಳಗೆ ಸೇರಲಿಲ್ಲ. ಕಂಕುಳಲ್ಲಿ ಕೊಬ್ಬು ಮಡಿಕೆ ಮಡಿಕೆಯಾಗಿ ತುಂಬಿಕೊಂಡು ಅಡ್ಡ ಬಂದಿತ್ತು.

ಮುಳ್ಳಿಲಿಯ ಚರ್ಮದ ಅಡಿಯಲ್ಲಿ, ಮೈಯ ಅಂಚಿನುದ್ದಕ್ಕೂ ಬಳೆಯಂತೆ ಒಂದು ಸ್ನಾಯು ಇದೆ. ಅಪಾಯ ಕಂಡಾಗ ಅದು ಬಿಗಿಯುತ್ತದೆ. ಎಲೆಅಡಿಕೆ ಸಂಚಿಯ ದಾರ ಎಳೆದರೆ ಬಾಯಿ ಹೇಗೆ ಮುಚ್ಚಿಕೊಳ್ಳುತ್ತದೋ ಹಾಗೆ ಬೆನ್ನಿನ ಮುಳ್ಳುಹೊದಿಕೆ ಮುಖ, ಕಾಲು, ಹೊಟ್ಟೆ ಎಲ್ಲವನ್ನೂ ಒಳಗೆಳೆದು ಮುಚ್ಚುತ್ತದೆ. ಆ ಪ್ರಾಣಿಗೆ ದೇವರು ಕೊಟ್ಟ ಕೋಟೆ ಅದೊಂದೇ. ಕಚ್ಚಿ ಗೆಲ್ಲುವ ಹಲ್ಲಿಲ್ಲ, ಓಡಿ ಪಾರಾಗುವ ಕಾಲಿಲ್ಲ. ಅಂಥ ಕೋಟೆಯ ಬಾಗಿಲನ್ನೇ ನಾನು ಅನ್ನ ಹಾಕಿ ಕೆಡಿಸಿದ್ದೆ. ಮಾರನೆಯ ದಿನವೇ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಅಲ್ಲಿ ಕಲಿತದ್ದನ್ನೂ, ಆಮೇಲೆ ನಾನು ಅಲ್ಲಿದ್ದ ಆರು ತಿಂಗಳು ಮುಗಿಯುವವರೆಗೆ ಓದಿ, ಅಳೆದು, ನೋಡಿ ತಿಳಿದದ್ದನ್ನೂ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು, ಏಕೆಂದರೆ ಆಹಾರದ ತಪ್ಪು ಅಲ್ಲಿಂದಲೇ ಶುರುವಾಗುತ್ತದೆ. ಕನ್ನಡದಲ್ಲಿ ಇದನ್ನು ‘ಮುಳ್ಳುಹಂದಿ’ ಎಂದು ಬರೆಯುವವರು ಬಹಳ. ಮುಳ್ಳುಹಂದಿ ಬೇರೆ. ನಮ್ಮ ಕಾಡಂಚಿನ ಹೊಲಗಳಿಗೆ ನುಗ್ಗಿ ಗೆಡ್ಡೆ ಗೆಣಸು ಅಗೆಯುವ, ಉದ್ದುದ್ದ ಮುಳ್ಳಿನ ಆ ಪ್ರಾಣಿ ಇಲಿ, ಅಳಿಲುಗಳ ಬಳಗದ್ದು. ಸೊಪ್ಪು ತೊಗಟೆ ಬೇರು ಕಡಿದು ಬದುಕುವಂಥದ್ದು. ಮುಳ್ಳಿಲಿ ಅಂಗೈಯಗಲದ ಪುಟ್ಟ ಜೀವ. ಹೆಸರಲ್ಲಿ ಇಲಿ ಇದ್ದರೂ ಇಲಿಯ ನೆಂಟನಲ್ಲ. ಅದರ ಹತ್ತಿರದ ಬಳಗ ಸೊಂಡಿಲಿ. ಇಂಗ್ಲಿಷಿನವರೂ ಇದಕ್ಕೆ ‘ಬೇಲಿಯ ಹಂದಿ’ ಎಂಬ ಅರ್ಥದ ಹೆಜ್‌ಹಾಗ್ ಎಂಬ ಹೆಸರಿಟ್ಟರು, ಮೂತಿ ನೋಡಿ, ಗುರುಗುಟ್ಟುವ ಸದ್ದು ಕೇಳಿ. ಹಂದಿ ಅಂದುಕೊಂಡರೆ ಎಲ್ಲವನ್ನೂ ತಿನ್ನುತ್ತದೆ ಅನ್ನಿಸುತ್ತದೆ, ಇಲಿ ಅಂದುಕೊಂಡರೆ ಕಾಳುಕಡ್ಡಿ ಹಾಕೋಣ ಅನ್ನಿಸುತ್ತದೆ. ಎರಡೂ ತಪ್ಪು. ಇದು ಹುಳು ಹಿಡಿದು ತಿನ್ನುವ ಬೇಟೆಗಾರ.

ಸಾಕುವ ಮುಳ್ಳಿಲಿಯ ತವರು ಆಫ್ರಿಕ. ಸಹರಾ ಮರುಭೂಮಿಯ ಕೆಳಗೆ ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಇಥಿಯೋಪಿಯಾವರೆಗೆ, ಅಲ್ಲಿಂದ ತೆಂಕಣಕ್ಕೆ ಜಾಂಬಿಯಾದ ತನಕ ಹಬ್ಬಿದ ಹುಲ್ಲುಗಾವಲಿನ ಪಟ್ಟಿಯಲ್ಲಿ ವಾಸ. ವಿಜ್ಞಾನಿಗಳು ಕೊಟ್ಟ ಹೆಸರು ಅಟೆಲೆರಿಕ್ಸ್ ಆಲ್ಬಿವೆಂಟ್ರಿಸ್. ಆ ಎರಡನೆಯ ಪದಕ್ಕೆ ಬಿಳಿಹೊಟ್ಟೆಯದು ಎಂದರ್ಥ. ಹಿಂಗಾಲಿನಲ್ಲಿ ನಾಲ್ಕೇ ಬೆರಳು ಇರುವುದು ಇದರ ಇನ್ನೊಂದು ಗುರುತು. 1980ರ ದಶಕದ ಕೊನೆಗೆ ಅಮೆರಿಕದ ಮಾರುಕಟ್ಟೆಗೆ ಇವು ಸಾವಿರಗಟ್ಟಲೆ ಬಂದವು. ದನಕರುಗಳ ಕಾಲುಬಾಯಿ ರೋಗ ಇವುಗಳ ಜೊತೆ ಬಂದೀತೆಂಬ ಭಯದಿಂದ 1991ರಲ್ಲಿ ಆಫ್ರಿಕದಿಂದ ತರಿಸುವುದನ್ನು ಅಮೆರಿಕದ ಸರ್ಕಾರ ನಿಲ್ಲಿಸಿತು. ಈಗ ಅಲ್ಲಿನ ಮನೆಗಳಲ್ಲಿರುವವು ಅಂದು ಬಂದವುಗಳ ಮಕ್ಕಳು ಮೊಮ್ಮಕ್ಕಳು. ಡಲ್ಲಾಸ್ ಇರುವ ಟೆಕ್ಸಾಸಿನಲ್ಲಿ ಸಾಕಬಹುದು. ಕ್ಯಾಲಿಫೋರ್ನಿಯಾ, ಜಾರ್ಜಿಯಾ, ಹವಾಯಿ, ಪೆನ್ಸಿಲ್ವೇನಿಯಾಗಳಲ್ಲಿ ಸಾಕುವಂತಿಲ್ಲ; ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ನಮ್ಮ ಕನ್ನಡದ ಮಕ್ಕಳು ಹಟ ಹಿಡಿದರೂ ಅಪ್ಪ ಅಮ್ಮ ಒಪ್ಪಬಾರದು.

ಹುಲ್ಲುಗಾವಲಿನಲ್ಲಿ ಅದರ ಊಟ ಎಂದರೆ ಜೀರುಂಡೆ, ಗೆದ್ದಲು, ಚಿಮ್ಮಂಡೆ, ಎರೆಹುಳು, ಕಂಬಳಿಹುಳು, ಬಸವನಹುಳು. ಸಿಕ್ಕರೆ ಮೊಟ್ಟೆ, ಚಿಕ್ಕ ಹಲ್ಲಿ, ಉದುರಿದ ಹಣ್ಣಿನ ತುಣುಕು. ಕಣ್ಣು ಮಂದ, ಮೂಗು ಬಲು ಚುರುಕು. ಕತ್ತಲಾದ ಮೇಲೆ ಹೊರಟು ಮೂಸುತ್ತ ಮೂಸುತ್ತ ಬಹುದೂರ ನಡೆಯುತ್ತದೆ, ಒಂದೊಂದು ಹುಳುವಿಗೂ ಒಂದಿಷ್ಟು ಹೆಜ್ಜೆ ತೆತ್ತು ತಿನ್ನುತ್ತದೆ. ಸಿಕ್ಕ ಹೊತ್ತಿಗೆ ಸಿಕ್ಕಷ್ಟು ತಿಂದು ಕೊಬ್ಬು ಕೂಡಿಡುವುದು ಆ ಬದುಕಿನಲ್ಲಿ ಜಾಣತನ, ನಾಳೆ ಸಿಗುತ್ತದೋ ಇಲ್ಲವೋ. ಡಲ್ಲಾಸಿನ ಮನೆಯ ಮೂಲೆಯಲ್ಲಿ ತುಂಬಿದ ಬಟ್ಟಲು ಎರಡು ಹೆಜ್ಜೆಯಲ್ಲಿದೆ. ಹೊಟ್ಟೆ ಮಾತ್ರ ಹಳೆಯ ಹುಲ್ಲುಗಾವಲಿನದೇ. ಆದ್ದರಿಂದ ಅದು ತಿನ್ನುತ್ತಿದೆ ಎಂದರೆ ಹಸಿದಿದೆ ಎಂದರ್ಥವಲ್ಲ. ವೈದ್ಯೆ ಈ ಮಾತು ಹೇಳಿದಾಗ ನನಗೆ ಬಹಳ ದಿನದ ನಂಬಿಕೆಯೊಂದು ಅಲುಗಾಡಿದಂತಾಯಿತು.

ಬಾಯಿ, ಕರುಳು ಕೂಡ ಹುಳುವಿಗಾಗಿಯೇ ಆದಂಥವು. ಒಟ್ಟು 36 ಹಲ್ಲು. ಮುಂದಿನವು ಮುಂದಕ್ಕೆ ಚಾಚಿಕೊಂಡಿರುತ್ತವೆ, ಹುಳುವನ್ನು ಚುಚ್ಚಿ ಹಿಡಿಯಲು. ಇಲಿಯ ಹಲ್ಲಿನಂತೆ ಇವು ಜೀವನಪೂರ್ತಿ ಬೆಳೆಯುವುದಿಲ್ಲ, ಸವೆದರೆ ಸವೆದಂತೆಯೇ. ಹೊಟ್ಟೆ ಸರಳ. ಮೊಲ, ಕುದುರೆಗಳಲ್ಲಿ ನಾರು ಹುದುಗಿಸಲೆಂದು ಕರುಳಿಗೆ ಅಂಟಿಕೊಂಡ ಚೀಲದಂಥ ಭಾಗ ಇರುತ್ತದಲ್ಲ, ಅದು ಮುಳ್ಳಿಲಿಗೆ ಇಲ್ಲ. ಸೊಪ್ಪುಸದೆ, ಧಾನ್ಯಗಳನ್ನು ನೆಚ್ಚಿ ಅದು ಬದುಕಲಾರದು. ಆದರೆ ಹುಳುವಿನ ಮೈಮೇಲಿನ ಗಟ್ಟಿ ಹೊದಿಕೆ ಇದೆಯಲ್ಲ, ಕೈಟಿನ್ ಎನ್ನುತ್ತಾರೆ, ಅದನ್ನು ತಕ್ಕಮಟ್ಟಿಗೆ ಅರಗಿಸಿಕೊಳ್ಳುತ್ತದೆ. ಉಳಿದದ್ದು ನಾರಿನ ಕೆಲಸ ಮಾಡಿ ಕರುಳನ್ನು ಹಗುರವಾಗಿಡುತ್ತದೆ. ನಮಗೆ ಹುರುಳಿ, ರಾಗಿಯ ಹೊಟ್ಟು ಮಾಡುವ ಉಪಕಾರವನ್ನು ಇದಕ್ಕೆ ಚಿಮ್ಮಂಡೆಯ ರೆಕ್ಕೆ ಮಾಡುತ್ತದೆ.

ಹಾಗಾದರೆ ಬರಿಯ ಹುಳುವನ್ನೇ ಹಾಕಿದರಾಯಿತಲ್ಲ ಎಂದು ನಾನೂ ಕೇಳಿದೆ. ಆಗುವುದಿಲ್ಲ. ಕಾಡಿನಲ್ಲಿ ಅದು ಹತ್ತಾರು ಜಾತಿಯ ಹುಳು ತಿನ್ನುತ್ತದೆ, ಆ ಹುಳುಗಳು ನೂರಾರು ಬಗೆಯ ಎಲೆ ಮಣ್ಣು ತಿಂದಿರುತ್ತವೆ. ಅಂಗಡಿಯಲ್ಲಿ ಸಿಗುವುದು ಎರಡೋ ಮೂರೋ ಜಾತಿ, ಅವೂ ಹೊಟ್ಟಿನಲ್ಲಿ ಬೆಳೆದವು. ಅದಕ್ಕೇ ಮನೆಯ ಮುಳ್ಳಿಲಿಗೆ ಊಟದ ಬುಡ ಬೇರೆಯದು: ಒಳ್ಳೆಯ ದರ್ಜೆಯ, ಬೆಕ್ಕಿಗೆಂದು ಮಾಡಿದ ಒಣ ಕಾಳು. ಬೆಕ್ಕೂ ಮಾಂಸಾಹಾರಿಯಾದ್ದರಿಂದ ಅದರ ಆಹಾರದಲ್ಲಿ ಪ್ರೋಟೀನ್ ಹೆಚ್ಚು. ಚೀಲದ ಹಿಂದೆ ಓದಬೇಕಾದ್ದು ಮೂರು. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಕೋಳಿಯದೋ ಬೇರೆ ಮಾಂಸದ್ದೋ ಆಗಿರಬೇಕು, ಜೋಳ, ಗೋಧಿಯದಲ್ಲ. ಪ್ರೋಟೀನ್ ನೂರಕ್ಕೆ 30ರಿಂದ 35 ಇರಲಿ. ಕೊಬ್ಬು 10ರಿಂದ 15ರ ಒಳಗೆ. ಬೆಕ್ಕಿನ ಮರಿಗಳಿಗೆಂದು ಮಾಡಿದ್ದರಲ್ಲಿ ಕೊಬ್ಬು ಜಾಸ್ತಿ; ಬೆಳೆದ ಮುಳ್ಳಿಲಿಗೆ ಅದು ಬೇಡ. ಮುಳ್ಳಿಲಿಯ ಚಿತ್ರವನ್ನೇ ಅಚ್ಚು ಹಾಕಿ ಮಾರುವ ಆಹಾರಗಳೂ ಇವೆ. ಕೆಲವು ನಿಜಕ್ಕೂ ಒಳ್ಳೆಯವು, ಕೆಲವುಗಳಲ್ಲಿ ಒಣಹಣ್ಣು, ಬೀಜ, ಧಾನ್ಯವೇ ಹೆಚ್ಚು. ಚಿತ್ರ ನಂಬಬೇಡಿ, ಪಟ್ಟಿ ಓದಿ. ಕಾಳು ದಪ್ಪವಿದ್ದರೆ ಮುರಿದು ಹಾಕಬೇಕು, ಅದರ ಬಾಯಿ ಅಷ್ಟು ಪುಟ್ಟದು.

ಎಷ್ಟು ಹಾಕಬೇಕು ಎನ್ನುವುದೇ ನನ್ನ ಪಾಲಿನ ದೊಡ್ಡ ಪಾಠ. ಬೆಳೆದ ಮುಳ್ಳಿಲಿಗೆ ದಿನಕ್ಕೆ ಬೇಕಾದ ಶಕ್ತಿ ಸುಮಾರು 70ರಿಂದ 100 ಕ್ಯಾಲೊರಿ. ನಾವು ಬೆಳಿಗ್ಗೆ ತಿನ್ನುವ ಎರಡು ಸಣ್ಣ ಇಡ್ಲಿಯಷ್ಟು, ಅಷ್ಟೆ. ಒಂದು ದೊಡ್ಡ ಚಮಚ ಬೆಕ್ಕಿನ ಕಾಳಿನಲ್ಲಿ ಹತ್ತಿರ ಹತ್ತಿರ 25 ಕ್ಯಾಲೊರಿ ಇರುತ್ತದೆ. ನಾನು ತುಂಬಿಸುತ್ತಿದ್ದ ಬಟ್ಟಲಿನಲ್ಲಿ ಅಂಥ ಆರು ಚಮಚ ಹಿಡಿಯುತ್ತಿತ್ತು. ಲೆಕ್ಕ ಹಾಕಿದ ರಾತ್ರಿ ನನಗೆ ಊಟ ಸೇರಲಿಲ್ಲ. ವೈದ್ಯೆ ಬರೆದುಕೊಟ್ಟದ್ದು ಹೀಗೆ: ಎರಡು ದೊಡ್ಡ ಚಮಚ ಕಾಳು, ಬೇಯಿಸಿದ ಕೋಳಿ ಅಥವಾ ಮೊಟ್ಟೆ, ಉಪ್ಪು ಎಣ್ಣೆ ಮುಟ್ಟಿಸದೆ, ಒಂದು ಚಿಕ್ಕ ಚಮಚ, ಬೇಯಿಸಿದ ತರಕಾರಿ ಅರ್ಧ ಚಿಕ್ಕ ಚಮಚ, ಐದಾರು ಹುಳು. ಎಲ್ಲ ಮುಳ್ಳಿಲಿಗೂ ಇದೇ ಅಳತೆ ಎಂದಲ್ಲ. ಮರಿಗೆ, ಬಸುರಿಗೆ, ಹಾಲೂಡಿಸುವ ತಾಯಿಗೆ ಹೆಚ್ಚು ಬೇಕು; ಮುದಿಯಾದವಕ್ಕೆ ಹಲ್ಲು ಹೋಗಿದ್ದರೆ ಕಾಳು ನೆನೆಸಿ ಕೊಡಬೇಕು. ಬೆಳಿಗ್ಗೆ ಬಟ್ಟಲಿನಲ್ಲಿ ನಾಲ್ಕೈದು ಕಾಳು ಉಳಿದಿದ್ದರೆ ಅಳತೆ ಸರಿಯಿದೆ ಎಂದು ಆಕೆ ಹೇಳಿದ ಗುರುತು ನನಗೆ ಬಹಳ ಹಿಡಿಸಿತು. ತಟ್ಟೆಯಲ್ಲಿ ಅನ್ನ ಬಿಡಬಾರದು ಎಂದು ಬೆಳೆದವಳು ನಾನು. ಆ ನಾಲ್ಕು ಕಾಳು ನೋಡಿ ಸಮಾಧಾನಪಡಲು ಕಲಿಯಬೇಕಾಯಿತು.

ಹಾಲಿನ ವಿಷಯಕ್ಕೆ ಬರುತ್ತೇನೆ. ಹೋದ ಮೊದಲ ವಾರ ಚಿಕ್ಕ ಬಟ್ಟಲಲ್ಲಿ ಹಾಲು ಹಿಡಿದು ಗೂಡಿನ ಹತ್ತಿರ ಹೋಗಿದ್ದೆ. “ಅಜ್ಜೀ, ಹಾಲು ಹಾಕ್ಬೇಡ, ಅವನಿಗೆ ಹೊಟ್ಟೆ ಕೆಡತ್ತೆ” ಎಂದು ಹುಡುಗ ಓಡಿ ಬಂದ. ಮಕ್ಕಳಿಗೆ ಇಷ್ಟು ಗೊತ್ತಿರುತ್ತದೆ, ನಮಗೆ ಇರುವುದಿಲ್ಲ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸುವ ಶಕ್ತಿ ಬೆಳೆದ ಮುಳ್ಳಿಲಿಗೆ ಇಲ್ಲ. ಭೇದಿಯಾಗುತ್ತದೆ, ಅರ್ಧ ಕೆ.ಜಿ. ತೂಗದ ಮೈಯಿಂದ ಭೇದಿಯಲ್ಲಿ ನೀರು ಹೋದರೆ ಜೀವಕ್ಕೇ ಬರುತ್ತದೆ. ಬ್ರಿಟನ್ನಿನಲ್ಲಿ ತೋಟಕ್ಕೆ ಬರುವ ಕಾಡು ಮುಳ್ಳಿಲಿಗೆ ಬ್ರೆಡ್ಡು, ಹಾಲು ಇಡುವುದು ತಲೆತಲಾಂತರದ ರೂಢಿಯಾಗಿತ್ತು. ಅದು ಯೂರೋಪಿನ ಬೇರೆ ಜಾತಿ, ಗುಂಡನಿಗಿಂತ ದೊಡ್ಡದು, ಹೊಟ್ಟೆಯ ಗುಣ ಮಾತ್ರ ಒಂದೇ. 1982ರಲ್ಲಿ ಅಲ್ಲಿ ಹುಟ್ಟಿದ ಬ್ರಿಟಿಷ್ ಹೆಜ್‌ಹಾಗ್ ಪ್ರಿಸರ್ವೇಷನ್ ಸೊಸೈಟಿ, ಹಾಲು ಬೇಡ, ನೀರಿಡಿ, ಜೊತೆಗೆ ಮಾಂಸದ ಬೆಕ್ಕಿನ ಆಹಾರವೋ ನಾಯಿಯ ಆಹಾರವೋ ಇಡಿ ಎಂದು ಜನರಿಗೆ ತಿಳಿಹೇಳುತ್ತಲೇ ಬಂದಿದೆ. ಓದುವಾಗ ನನಗೆ ನಾಗರ ಪಂಚಮಿ ನೆನಪಾಯಿತು. ಹಾವಿಗೂ ಹಾಲು ಆಗದು. ಪ್ರೀತಿ, ಭಕ್ತಿ ಎರಡೂ ಇದ್ದೂ ನಾವು ಎರೆಯುವ ಹಾಲು ಅದರ ಹೊಟ್ಟೆಗೆ ಒಗ್ಗುವುದಿಲ್ಲ. ಮನುಷ್ಯರಿಗೆ ಹಾಲಿನ ಮೇಲಿರುವ ನಂಬಿಕೆ ಎಲ್ಲ ದೇಶದಲ್ಲೂ ಒಂದೇ ಥರ ಎಂದು ಆಗ ತಿಳಿಯಿತು.

ಇನ್ನು ಹುಳು. ನಮ್ಮದು ಮೊಟ್ಟೆಯನ್ನೂ ಒಳಗೆ ತಾರದ ಮನೆ. ಮಗಳ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಹೊಟ್ಟಿನ ನಡುವೆ ಹರಿದಾಡುವ ಮೀಲ್‌ವರ್ಮ್ ಎಂಬ ಹುಳುಗಳ ಡಬ್ಬಿ ಕಂಡಾಗ ಎದೆ ಝಲ್ಲೆಂದಿತು. ಮೊದಲ ಎರಡು ತಿಂಗಳು ನಾನು ಅದನ್ನು ಮುಟ್ಟಲೇ ಇಲ್ಲ. ಅದರ ಬದಲಿಗೇ ಚಪಾತಿ ಬಂದದ್ದು. ವೈದ್ಯೆಯ ಎದುರು ಇದನ್ನೂ ಹೇಳಿಕೊಂಡೆ. ಆಕೆ ಬೈಯಲಿಲ್ಲ. ಸಸ್ಯಾಹಾರಿಗಳ ಮನೆಯಲ್ಲಿ ಮೊಲ ಸಾಕಬಹುದು, ಗಿನಿಯಿಲಿ ಸಾಕಬಹುದು, ಮುಳ್ಳಿಲಿಯನ್ನು ಸಸ್ಯಾಹಾರಿ ಮಾಡಲು ಮಾತ್ರ ಆಗದು ಎಂದಳು. ನನಗೆ ಅದು ಸರಿಯೆನಿಸಿತು. ನನ್ನ ವ್ರತ ನನ್ನದು. ಇನ್ನೊಂದು ಜೀವದ ಹೊಟ್ಟೆಯ ಮೇಲೆ ಅದನ್ನು ಹೇರುವುದು ಅಹಿಂಸೆಯಾಗುವುದಿಲ್ಲ. ಉದ್ದನೆಯ ಚಿಮ್ಮಟ ಒಂದು ತರಿಸಿದೆ. ಆಮೇಲೆ ಹುಳು ಹಾಕುವ ಕೆಲಸವೂ ನನ್ನದೇ. ಮೊಸರನ್ನದಲ್ಲಿ ಸಾಕುತ್ತೇವೆ ಎನ್ನುವ ಮನೆಗಳವರಿಗೆ ಕೈಮುಗಿದು ಹೇಳುತ್ತೇನೆ, ಈ ಪ್ರಾಣಿಯನ್ನು ತರಬೇಡಿ.

ಹುಳುವಿನಲ್ಲೂ ವಿವೇಚನೆ ಬೇಕು. ಮೀಲ್‌ವರ್ಮ್ ಎಂದರೆ ಮುಳ್ಳಿಲಿಗೆ ಪ್ರಾಣ, ನಮ್ಮ ಮಕ್ಕಳಿಗೆ ಚಿಪ್ಸ್ ಇದ್ದಂತೆ. ಅದನ್ನೇ ಕೊಡುತ್ತ ಹೋದರೆ ಬೇರೆಯದನ್ನು ಮೂಸಿಯೂ ನೋಡದು. ಆದರೆ 100 ಗ್ರಾಂ ಮೀಲ್‌ವರ್ಮ್‌ನಲ್ಲಿ ಕ್ಯಾಲ್ಸಿಯಂ ಇರುವುದು ಹೆಚ್ಚುಕಡಿಮೆ 17 ಮಿಲಿಗ್ರಾಂ, ರಂಜಕ 285 ಮಿಲಿಗ್ರಾಂ. ನಮ್ಮ ರಾಗಿಯ 100 ಗ್ರಾಂನಲ್ಲಿ ಕ್ಯಾಲ್ಸಿಯಂ 350 ಮಿಲಿಗ್ರಾಂ ಆಸುಪಾಸು ಎಂಬುದನ್ನು ನೆನೆದರೆ ಅದೆಷ್ಟು ಕಡಿಮೆ ಎಂದು ಗೊತ್ತಾಗುತ್ತದೆ. ಪ್ರಾಣಿಯ ಊಟದಲ್ಲಿ ಕ್ಯಾಲ್ಸಿಯಂ ರಂಜಕದಷ್ಟಾದರೂ ಇರಬೇಕು, ಒಂದೂವರೆ ಪಾಲು, ಎರಡು ಪಾಲಾದರೆ ಇನ್ನೂ ಒಳ್ಳೆಯದು. ರಂಜಕ ಹೀಗೆ ಮೇಲುಗೈಯಾದಾಗ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ. ರಕ್ತದ ಕ್ಯಾಲ್ಸಿಯಂ ಇಳಿದರೆ ಗುಂಡಿಗೆ, ನರ ಯಾವುದೂ ನಡೆಯದು. ಆದ್ದರಿಂದ ದೇಹ ಎಲುಬಿನಿಂದ ಸಾಲ ತೆಗೆದು ರಕ್ತಕ್ಕೆ ತುಂಬುತ್ತದೆ. ಸಾಲ ತೀರದೆ ಹೋದರೆ ಎಲುಬು ಟೊಳ್ಳಾಗಿ, ಬಾಗಿ, ತಾನಾಗಿಯೇ ಮುರಿಯುತ್ತದೆ. ಬ್ರಿಟನ್ನಿನ ತೋಟಗಳಲ್ಲಿ ಹಕ್ಕಿಗಳಿಗೆಂದು ಸುರಿದ ಒಣ ಮೀಲ್‌ವರ್ಮ್ ತಿಂದು ಹೀಗೆ ನಡೆಯಲಾರದೆ ಬಿದ್ದ ಮುಳ್ಳಿಲಿಗಳನ್ನು ಅಲ್ಲಿನ ಆರೈಕೆ ಕೇಂದ್ರದವರು ಕಂಡು, ಹಾಕಬೇಡಿ ಎಂದು ಕೇಳಿಕೊಳ್ಳುತ್ತಿದ್ದಾರೆ.

ಚಿಮ್ಮಂಡೆ ಇದಕ್ಕಿಂತ ಮೇಲು. ಕೊಬ್ಬು ಕಡಿಮೆ, ಬೆನ್ನಟ್ಟಿ ಹಿಡಿಯುವಾಗ ಒಂದಿಷ್ಟು ಓಟವೂ ಆಗುತ್ತದೆ. ಆದರೂ ರಂಜಕವೇ ಕ್ಯಾಲ್ಸಿಯಂನ ಏಳು ಪಟ್ಟು. ವ್ಯಾಕ್ಸ್‌ವರ್ಮ್ ಎಂಬ ಬೆಳ್ಳನೆಯ ಹುಳುವಿನ ತೂಕದಲ್ಲಿ ಕಾಲುಪಾಲು ಕೊಬ್ಬೇ; ಸೊರಗಿದ ಪ್ರಾಣಿಗೆ ಮದ್ದು, ಗುಂಡನಂಥವನಿಗೆ ಕೇಡು. ಕ್ಯಾಲ್ಸಿಯಂ ನಿಜವಾಗಿ ಇರುವುದು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳುವಿನಲ್ಲಿ: 100 ಗ್ರಾಂಗೆ 900 ಮಿಲಿಗ್ರಾಂಗೂ ಮಿಕ್ಕಿ, ರಂಜಕದ ಎರಡೂವರೆ ಪಟ್ಟು. ಹಸಿಕಸ ಗೊಬ್ಬರ ಮಾಡಲು ನಮ್ಮಲ್ಲೂ ಈ ಹುಳು ಸಾಕುವವರಿದ್ದಾರೆ, ಆದರೆ ಕಸ ತಿಂದು ಬೆಳೆದದ್ದನ್ನು ಬಟ್ಟಲಿಗೆ ಹಾಕುವಂತಿಲ್ಲ, ತಿನ್ನಿಸಲೆಂದೇ ಬೆಳೆಸಿದ್ದು ಬೇಕು. ಇನ್ನೊಂದು ಉಪಾಯ ನನಗೆ ಬಹಳ ಅರ್ಥವತ್ತಾಗಿ ಕಂಡಿತು. ಹುಳುವನ್ನು ಹಾಕುವ ಮುಂಚೆ ಒಂದೆರಡು ದಿನ ಅದಕ್ಕೇ ಕ್ಯಾಲ್ಸಿಯಂ ಬೆರೆಸಿದ ಒಳ್ಳೆಯ ಮೇವು ತಿನ್ನಿಸುವುದು. ಹುಳುವಿನ ಹೊಟ್ಟೆಯಲ್ಲಿರುವುದೂ ಊಟದ ಪಾಲೇ ತಾನೆ. ಹಾಕುವಾಗ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಹಾಕುವುದೂ ಉಂಟು, ಎಷ್ಟು ದಿನಕ್ಕೊಮ್ಮೆ ಎಂದು ವೈದ್ಯರೇ ಹೇಳಬೇಕು. ಹಿತ್ತಲಲ್ಲಿ ಹಿಡಿದ ಹುಳು ಬೇಡವೇ ಬೇಡ. ಕೀಟನಾಶಕ ಎಲ್ಲಿ ಬಿದ್ದಿದೆಯೋ, ಯಾವ ಪರೋಪಜೀವಿ ಹೊತ್ತಿದೆಯೋ ಗೊತ್ತಾಗದು.

ತರಕಾರಿ, ಹಣ್ಣು ರುಚಿಗಷ್ಟೆ. ಬೇಯಿಸಿದ ಸಿಹಿಗುಂಬಳ, ಹುರುಳಿಕಾಯಿ, ಮೆತ್ತಗೆ ಬೆಂದ ಕ್ಯಾರೆಟ್, ಸೌತೆ, ಬೀಜ ತೆಗೆದ ಸೇಬು ಚಿಟಿಕೆಯಷ್ಟು. ಹಸಿ ಕ್ಯಾರೆಟ್, ಕಡಲೆಬೀಜ, ಬಾದಾಮಿಯಂಥ ಗಟ್ಟಿ ಪದಾರ್ಥ ಅದರ ಬಾಯಿಯ ಮೇಲ್ಭಾಗಕ್ಕೆ ಸಿಕ್ಕಿಕೊಳ್ಳುತ್ತದೆ, ತೆಗೆಯಲು ಅದಕ್ಕೆ ಬಾರದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಬೆಣ್ಣೆಹಣ್ಣು ಹತ್ತಿರವೂ ಸುಳಿಯಬಾರದು. ಹುಳಿ ಹಣ್ಣು, ಹಸಿ ಮಾಂಸ, ಉಪ್ಪು ಖಾರ ಒಗ್ಗರಣೆ ಬಿದ್ದ ನಮ್ಮ ಅಡುಗೆ ಯಾವುದೂ ಬೇಡ. ನೀರು ಸದಾ ಇರಲಿ, ಮಗುಚದಂಥ ಭಾರದ ತಗ್ಗು ಬಟ್ಟಲಲ್ಲಿ.

ಹೊಸ ಆಹಾರ ಕೊಟ್ಟ ಮೊದಲ ದಿನ ಒಂದು ವಿಚಿತ್ರ ನಡೆಯಬಹುದು. ಸಿಹಿಗುಂಬಳದ ಚೂರು ಮೂಸಿದ ಗುಂಡ ಅದನ್ನು ಅಗಿದು ಅಗಿದು ಬಾಯಿತುಂಬ ನೊರೆ ತಂದುಕೊಂಡ. ಕತ್ತನ್ನು ನಂಬಲಾಗದಷ್ಟು ಹಿಂದಕ್ಕೆ ತಿರುಚಿ ಆ ನೊರೆಯನ್ನು ನಾಲಿಗೆಯಿಂದ ಬೆನ್ನಿನ ಮುಳ್ಳುಗಳಿಗೆ ಬಳಿದುಕೊಳ್ಳತೊಡಗಿದ. ಅಪಸ್ಮಾರವೋ ಹುಚ್ಚೋ ಎಂದು ನಾನು ಕೂಗಿಕೊಂಡೆ. ಹುಡುಗ ಸಮಾಧಾನವಾಗಿ ನೋಡುತ್ತಿದ್ದ. ಹೊಸ ವಾಸನೆ ಕಂಡರೆ ಮುಳ್ಳಿಲಿಗಳೆಲ್ಲ ಹೀಗೆ ಮಾಡುತ್ತವಂತೆ. ಮೈಗೆ ಪರವಾಸನೆ ಬಳಿದುಕೊಂಡು ಶತ್ರುವನ್ನು ದಾರಿ ತಪ್ಪಿಸಲಿಕ್ಕೆ ಎನ್ನುವವರಿದ್ದಾರೆ. ಕಾಲು ಗಂಟೆಯಲ್ಲಿ ಎಲ್ಲ ಮುಗಿದು ಅವನು ಸುಮ್ಮನೆ ನೀರು ಕುಡಿಯಲು ಹೋದ. ಕಾಯಿಲೆಯಲ್ಲ ಅದು, ಹೆದರಬೇಕಾಗಿಲ್ಲ.

ಹೆದರಬೇಕಾದ್ದು ಅದು ಊಟ ಬಿಟ್ಟಾಗ. ಒಂದು ಪೂರ್ತಿ ದಿನ ಏನೂ ತಿನ್ನದಿದ್ದರೆ ವೈದ್ಯರಿಗೆ ತಿಳಿಸಬೇಕು. ಹಲ್ಲು, ವಸಡಿನ ತೊಂದರೆ ಇವುಗಳಲ್ಲಿ ಸಾಮಾನ್ಯ. ಮೂರು ವರ್ಷ ದಾಟಿದವಕ್ಕೆ ಗೆಡ್ಡೆ, ಕ್ಯಾನ್ಸರ್ ಕೂಡ. ಎಷ್ಟೋ ಸಲ ಕಾರಣ ಬರೀ ಚಳಿ. ಗೂಡಿನ ಬಿಸುಪು 24ರಿಂದ 29 ಡಿಗ್ರಿ ಇರಬೇಕು. 18ರ ಕೆಳಗೆ ಇಳಿದರೆ ಇದು ಚಳಿನಿದ್ದೆಗೆ ಜಾರಲು ನೋಡುತ್ತದೆ. ಯೂರೋಪಿನ ಜಾತಿಗೆ ಚಳಿಗಾಲವೆಲ್ಲ ಹಾಗೆ ಮಲಗಿ ಏಳುವುದು ಸಹಜ, ಬಿಸಿನಾಡಿನ ಈ ಜಾತಿಗೆ ಅದು ಸಾವಿನ ಹಾದಿ. ಹೊಟ್ಟೆ ಮುಟ್ಟಿದರೆ ತಣ್ಣಗಿರುತ್ತದೆ, ನಡಿಗೆ ತೂರಾಡುತ್ತದೆ, ಬಟ್ಟಲು ಹಾಗೇ ಉಳಿಯುತ್ತದೆ. ಬೆಂಗಳೂರಿನಲ್ಲೂ ಇವನ್ನು ಸಾಕುವವರಿದ್ದಾರೆ. ಜನವರಿಯ ಬೆಳಗಿನ ಜಾವ ಅಲ್ಲಿ 15 ಡಿಗ್ರಿ ಆಗುತ್ತದೆ. ನಮಗೆ ಹಿತವೆನಿಸುವ ಆ ಚಳಿಯಲ್ಲಿ ಗೂಡಿನ ಪಕ್ಕ ಶಾಖದ ಏರ್ಪಾಡು ಇರಲೇಬೇಕು.

ಗುಂಡನ ಮೈ ಇಳಿಸಿದ ಬಗೆ ಹೇಳಬೇಕು. ತಪ್ಪು ಗೊತ್ತಾದ ಕೂಡಲೇ ಉಪವಾಸ ಕೆಡವೋಣ ಅನ್ನಿಸುವುದು ಸಹಜ. ಅದು ಇನ್ನೂ ದೊಡ್ಡ ತಪ್ಪು. ಬೊಜ್ಜಿದ್ದ ಪ್ರಾಣಿಗೆ ಏಕಾಏಕಿ ಊಟ ನಿಂತರೆ ಮೈಯ ಕೊಬ್ಬೆಲ್ಲ ಒಮ್ಮೆಲೇ ಕರಗಿ ಯಕೃತ್ತಿಗೆ ನುಗ್ಗುತ್ತದೆ, ಯಕೃತ್ತು ಕೆಟ್ಟು ಪ್ರಾಣಿ ಹೋಗಿಬಿಡುತ್ತದೆ. ನಾವು ಮೂರು ವಾರದಲ್ಲಿ ಹಂತ ಹಂತವಾಗಿ ಆರು ಚಮಚದಿಂದ ಎರಡಕ್ಕೆ ಬಂದೆವು. ಹೊಸ ಕಾಳನ್ನು ಹಳೆಯದರ ಜೊತೆ ಬೆರೆಸುತ್ತ ಬದಲಾಯಿಸಿದೆವು. ಚಕ್ರ ಗೂಡಿಗೆ ಮರಳಿತು, ಸದ್ದಿಲ್ಲದೆ ತಿರುಗುವಂಥದು. ಸಂಜೆ ಏಳರ ನಂತರವೇ ಊಟ, ಅವನು ಏಳುವ ಹೊತ್ತಿಗೆ. ಒಂದೇ ಬಟ್ಟಲಿಗೆ ಸುರಿಯುವ ಬದಲು ಅರ್ಧ ಕಾಳನ್ನು ಬಟ್ಟೆ ಚೂರುಗಳ ನಡುವೆ, ರಟ್ಟಿನ ಕೊಳವೆಯೊಳಗೆ ಅಡಗಿಸಿಡುತ್ತಿದ್ದೆ. ಹುಲ್ಲುಗಾವಲಿನ ನಡಿಗೆಯಲ್ಲಿ ಒಂದು ಪಾಲಾದರೂ ಅವನಿಗೆ ಸಿಗಲಿ ಎಂದು. ಕತ್ತಲಲ್ಲಿ ಅವನು ಮೂಸುತ್ತ, ಗೊಣಗುತ್ತ, ಸಿಕ್ಕಾಗ ಕಟುಂ ಎಂದು ಕಡಿಯುವ ಸದ್ದು ಕೇಳುತ್ತ ಕೂರುವುದು ಚಪಾತಿ ತಿನ್ನಿಸುವುದಕ್ಕಿಂತ ದೊಡ್ಡ ಸಂತೋಷವಾಯಿತು.

ಭಾನುವಾರ ಬೆಳಿಗ್ಗೆ ತೂಕ. ತಕ್ಕಡಿ ಅವನಿಗೆಂದೇ ಬೇರೆ. ಬಟ್ಟಲನ್ನೂ ಅಡುಗೆಮನೆಯ ತೊಟ್ಟಿಯಲ್ಲಿ ತೊಳೆಯಕೂಡದು. ಆರೋಗ್ಯವಾಗಿ ಕಾಣುವ ಮುಳ್ಳಿಲಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. 2019ರಲ್ಲೂ 2020ರಲ್ಲೂ ಅಮೆರಿಕದಲ್ಲಿ ಸಾಕಿದ ಮುಳ್ಳಿಲಿಗಳಿಂದ ಜನರಿಗೆ ಸೋಂಕು ಹರಡಿ, ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಎಚ್ಚರಿಕೆ ಕೊಟ್ಟಿತ್ತು: ಮುತ್ತಿಡಬೇಡಿ, ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಪುಟ್ಟ ಮಕ್ಕಳು, ನನ್ನಂಥ ವಯಸ್ಸಾದವರು ಇರುವ ಮನೆಯಲ್ಲಿ ಇದನ್ನು ಮರೆಯಬಾರದು.

ಊರಿಗೆ ಬಂದು ಈ ಕಥೆ ಹೇಳಿದಾಗ ಪಕ್ಕದ ಮನೆಯ ಹುಡುಗಿ, “ನಮ್ಮಲ್ಲಿ ಸಿಗಲ್ವಾ ಅಜ್ಜಿ?” ಎಂದಳು. ಭಾರತಕ್ಕೂ ತನ್ನವೇ ಮುಳ್ಳಿಲಿಗಳಿವೆ. ರಾಜಸ್ಥಾನ, ಗುಜರಾತಿನ ಒಣನೆಲದಲ್ಲಿ ಎರಡು ಜಾತಿ. ದಕ್ಷಿಣದ ತಮಿಳುನಾಡಿನ ಕುರುಚಲು ಬಯಲುಗಳಲ್ಲಿ ಮದ್ರಾಸ್ ಮುಳ್ಳಿಲಿ, 1851ರಲ್ಲಿ ಹಾರ್ಸ್‌ಫೀಲ್ಡ್ ಎಂಬ ವಿಜ್ಞಾನಿ ಹೆಸರಿಟ್ಟದ್ದು, ದಕ್ಷಿಣ ಭಾರತ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ್ದು. ಇವು ವನ್ಯಜೀವಿಗಳು, ಹಿಡಿದು ಸಾಕುವುದು ಕಾನೂನಿಗೆ ವಿರುದ್ಧ. ಅವುಗಳ ಊಟವನ್ನು ಅವುಗಳ ಬಯಲೇ ಬಡಿಸುತ್ತಿದೆ, ಆ ಬಯಲಿಗೆ ನಾವು ಕೀಟನಾಶಕ ಸುರಿಯದಿದ್ದರೆ ಸಾಕು ಎಂದು ಅವಳಿಗೆ ಹೇಳಿದೆ.

ನಾನು ಮಾರ್ಚಿನಲ್ಲಿ ಹೊರಡುವ ಹಿಂದಿನ ಸಂಜೆ ಗುಂಡ ಮೊದಲಿನಂತೆ ಪೂರ್ತಿ ಮುದುಡಿಕೊಂಡ. ಮೂಗಿನ ತುದಿಯೂ ಕಾಣಲಿಲ್ಲ. ಈಗ ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಹುಡುಗ ತಕ್ಕಡಿಯನ್ನು ಫೋನಿನ ಹತ್ತಿರ ಹಿಡಿಯುತ್ತಾನೆ, ನಾನು ಕನ್ನಡಕ ಏರಿಸಿಕೊಂಡು ಅಂಕಿ ಓದಿ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಕಳೆದ ಭಾನುವಾರ 438. “ಬಟ್ಟಲಲ್ಲಿ ಎಷ್ಟು ಉಳಿದಿತ್ತೋ?” ಎಂದು ಕೇಳಿದೆ. ಐದು ಕಾಳು ಅಂದ.